ಹಗ್ಗದಲ್ಲಿ ಏಳನೆಯವಳು

ಜುಲೈ 12, ಶನಿವಾರ

ಸೊಸೈಟಿಯವರು ಜನವರಿಯಲ್ಲಿ ಪುಕ್ಕಟೆ ಕೊಟ್ಟ ಡೈರಿ ಇದು. ಆರು ತಿಂಗಳು ಅಕ್ಕಿ ಡಬ್ಬದ ಮೇಲೆ ಬಿದ್ದಿತ್ತು. ಮೊದಲ ಪುಟದಲ್ಲಿ ವಿವರ ತುಂಬಬೇಕಂತೆ. ಹೆಸರು ಅನುಪಮಾ. ವಯಸ್ಸು ಮೂವತ್ತಮೂರು. ಉದ್ಯೋಗ ಅಂಗನವಾಡಿ ಟೀಚರ್. ವಿಳಾಸ, ಭಾಗಮಂಡಲದಿಂದ ಕರಿಕೆಗೆ ಹೋಗುವ ರಸ್ತೆಯಲ್ಲಿ ಇಳಿದು ಒಂದು ಮೈಲಿ ಒಳಗೆ. ರಕ್ತದ ಗುಂಪು ಗೊತ್ತಿಲ್ಲ.

ಬರೆಯಲು ಕೂತದ್ದು ಸಿಟ್ಟಿನಿಂದ. ನನ್ನ ಗಂಡ ಸತೀಶ್ ಬಾಡಿಗೆ ಜೀಪು ಓಡಿಸುತ್ತಾರೆ. ಜೀಪಿನಲ್ಲಿ ಹತ್ತು ಜನರ ಮಾತು ಕೇಳಿ ಕೇಳಿ ಇವರಿಗೂ ನಾಲಿಗೆ ಉದ್ದವಾಗಿದೆ. ಮಧ್ಯಾಹ್ನ ಊಟಕ್ಕೆ ಕೂತವರು, "ನಿಂಗೆ ಉಸ್ರು ಬಿಡಿಕೂ ಪೊನ್ನಕ್ಕನ ಅಪ್ಪಣೆ ಬೇಕಲಾ" ಎಂದರು. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಯಾವತ್ತೂ ಹೊಳೆಯುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತೇನೆ, ಇಲ್ಲಿ ಎದುರುತ್ತರ ಕೊಡುವವರು ಯಾರೂ ಇಲ್ಲ.

ಹೌದು, ನನಗೆ ಪೊನ್ನಕ್ಕ ಎಂದರೆ ಇಷ್ಟ. ಗಟ್ಟಿಗರನ್ನು ಕಂಡರೇ ನನಗೆ ಇಷ್ಟ. ಅದರಲ್ಲಿ ತಪ್ಪೇನು? 2018ರಲ್ಲಿ ಗುಡ್ಡ ಜರಿದಾಗ ಎಂಟು ತಿಂಗಳ ಬಸುರಿ ಕವನಾಳನ್ನು ಬೆನ್ನ ಮೇಲೆ ಹೊತ್ತು ಮುಖ್ಯರಸ್ತೆಯವರೆಗೆ ತಂದದ್ದು ಯಾರು? ಊರಿನ ಗಂಡಸರೆಲ್ಲ ಆಗ ಟಾರ್ಚ್ ಹಿಡಿದು ಸಲಹೆ ಕೊಡುತ್ತಿದ್ದರು. ನಮ್ಮ ಅಂಗನವಾಡಿಗೆ ಕಟ್ಟಡ ಬೇಕೆಂದು ಆಫೀಸಿನ ಮೆಟ್ಟಿಲ ಮೇಲೆ ಎರಡು ದಿನ ಕದಲದೆ ಕೂತದ್ದು ಯಾರು? ಹಲಸಿನ ಮರಕ್ಕೆ ಬಂದ ಆನೆಯನ್ನು ಸೀಮೆಎಣ್ಣೆ ಡಬ್ಬ ಬಡಿದು, ಬಾಯಿಗೆ ಬಂದ ಹಾಗೆ ಬೈದು ಓಡಿಸಿದ್ದು ಯಾರು? ಐವತ್ತೆರಡು ವರ್ಷ ಅವರಿಗೆ. ಪಿಕ್ಕಿಂಗ್ ಸಮಯದಲ್ಲಿ ಕಾಫಿ ಮೂಟೆಯನ್ನು ಯಾರ ಕೈಯೂ ತಾಗಿಸದೆ ಜೀಪಿಗೆ ಎಸೆಯುತ್ತಾರೆ. ಪಂಚಾಯಿತಿ ಮೆಂಬರ್, ಮಹಿಳಾ ಸಂಘದ ಅಧ್ಯಕ್ಷೆ, ನಮ್ಮ ಹಗ್ಗಜಗ್ಗಾಟದ ತಂಡದ ಕಡೆಯ ಆಳು.

ನಾನೋ, ಬಸ್ಸಿನಲ್ಲಿ ನನ್ನ ಸೀಟಿನಲ್ಲಿ ಬೇರೆಯವರು ಕೂತರೆ ನಿಂತೇ ಬರುವವಳು. ನನ್ನಂಥವಳಿಗೆ ಪೊನ್ನಕ್ಕ ಇಷ್ಟವಾಗದೆ ಇನ್ನು ಯಾರು ಇಷ್ಟವಾಗಬೇಕು?

ಜುಲೈ 16, ಬುಧವಾರ

ಇವತ್ತು ನನ್ನನ್ನು ಏಳನೆಯ ಜಾಗಕ್ಕೆ ತಂದರು!

ತಂಡದಲ್ಲಿ ಎಂಟು ಜನ. ಎಂಟನೆಯವರು ಪೊನ್ನಕ್ಕ, ಅಂದರೆ ಆ್ಯಂಕರ್. ಹಗ್ಗವನ್ನು ಕಂಕುಳ ಕೆಳಗಿಂದ ತಂದು ಬೆನ್ನ ಮೇಲೆ ಹಾಯಿಸಿ ಭುಜದ ಮೇಲಿಂದ ಇಳಿಸಿಕೊಂಡು, ಹಿಮ್ಮಡಿ ನೆಲಕ್ಕೆ ಊರಿ ನಿಂತರೆಂದರೆ ಮುಗಿಯಿತು. ಏಳನೆಯ ಜಾಗ ಅವರ ಮುಂದಿನದು. ಹೋದ ಮಳೆಗಾಲದವರೆಗೆ ಅಲ್ಲಿ ಕಾವ್ಯಶ್ರೀ ಇದ್ದಳು. ಗಂಡನಿಗೆ ಗೋಣಿಕೊಪ್ಪಲಿನಲ್ಲಿ ಕೆಲಸ ಸಿಕ್ಕಿ ಜನವರಿಗೆ ಮೊದಲೇ ಹೋದಳು. ಕವನಾಳಿಗೆ ಸಿಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಕವನಾ ನನಗಿಂತ ದಪ್ಪ, ನನಗಿಂತ ಬಾಯಿಯೂ ಜೋರು. ಪೊನ್ನಕ್ಕ ಎಲ್ಲರನ್ನೂ ಒಮ್ಮೆ ನೋಡಿ, "ಏಳನೇದ್ ಟೀಚರ್" ಎಂದರು. ಕವನಾಳ ಮುಖ ನೋಡಬೇಕಿತ್ತು.

ಒಂದೇ ನಿಯಮ, ಹಿಂದೆ ನೋಡಬಾರದು. ಹಿಂದೆ ತಿರುಗಿದರೆ ಸೊಂಟ ತಿರುಗುತ್ತದೆ, ಕಾಲು ಜಾರುತ್ತದೆ. ನನಗೇಕೆ ಹಿಂದೆ ನೋಡುವ ಕೆಲಸ? "ಎಳೀ!" ಎಂದು ಅವರ ದನಿ ಬೆನ್ನಿಗೆ ಬಿದ್ದರೆ ಸಾಕು, ನನ್ನಲ್ಲಿ ಇಲ್ಲದ ಶಕ್ತಿಯೂ ಬರುತ್ತದೆ. ಮನೆಗೆ ಬಂದು ಇವರಿಗೆ ಹೇಳಿದರೆ, "ಅಂಗೈ ಸುಲ್ದ್ ಹೋಗುಟ್ಟು, ಅರಿಸಿನ ಹಚ್ಕ" ಎಂದರಷ್ಟೇ.

ಜುಲೈ 20, ಭಾನುವಾರ

ಗೆದ್ದೆವು. ಗೆದ್ದೆವು!

ಕೆಸರುಗದ್ದೆ ಕ್ರೀಡಾಕೂಟ, ಹಗ್ಗಜಗ್ಗಾಟದ ಸೆಮಿಫೈನಲ್. ಮೊಣಕಾಲವರೆಗೆ ಕೆಸರು, ಮೇಲಿಂದ ಜಡಿಮಳೆ, ಮೈಕಿನವನು ಮಳೆಗಿಂತ ಜೋರು. ಎದುರಿಗೆ ಚೇರಂಬಾಣೆ ಕಡೆಯ ತಂಡ, ಒಬ್ಬೊಬ್ಬಳೂ ಕಂಬದ ಹಾಗಿದ್ದಳು. ಮೊದಲನೆಯ ಎಳೆತ ನಮಗೆ, ಎರಡನೆಯದು ಅವರಿಗೆ. ಮೂರನೆಯದರಲ್ಲಿ ಕಣ್ಣು ಮುಚ್ಚಿ ಎಳೆದೆ. ಪೊನ್ನಕ್ಕನ ದನಿ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಕಣ್ಣು ಬಿಟ್ಟಾಗ ನಾವೆಲ್ಲ ಒಬ್ಬರ ಮೇಲೊಬ್ಬರು ಕೆಸರಿನಲ್ಲಿ ಬಿದ್ದಿದ್ದೆವು, ಜನ ಪೊನ್ನಕ್ಕನ ಹೆಸರು ಕೂಗುತ್ತಿದ್ದರು. ನಾನೂ ಕೂಗಿದೆ. ಗಂಟಲು ಕಟ್ಟುವಷ್ಟು ಕೂಗಿದೆ. ಆಗ ನನಗೆ ಆದ ಸಂತೋಷ, ನನ್ನದೇ ಹೆಸರು ಕೂಗಿದ್ದರೂ ಆಗುತ್ತಿರಲಿಲ್ಲ.

ಹೊರಡುವಾಗ ಜೀಪಿನ ಬಾನೆಟ್ ಮೇಲೆ ಪೊನ್ನಕ್ಕ ಒಂದು ಕಾಗದ ಇಟ್ಟರು. "ಟೀಚರೆ, ಇಲ್ಲಿ ಒಂದ್ ಸೈನ್ ಹಾಕ್." ಏನಕ್ಕ ಎಂದೆ. "ಊರಿನ ರಸ್ತೆದ್, ಅಷ್ಟೇ. ಕಾಗದ ಒದ್ದೆ ಆದು, ಬೇಗ ಹಾಕ್." ಕೈ ಒರೆಸಿಕೊಳ್ಳಲು ಒಣಗಿದ ಬಟ್ಟೆಯೇ ಇರಲಿಲ್ಲ. ಸಹಿಯ ಪಕ್ಕದಲ್ಲಿ ನನ್ನ ಹೆಬ್ಬೆಟ್ಟಿನ ಕೆಸರೂ ಮೂಡಿತು. ಎಲ್ಲರೂ ನಕ್ಕರು. ಎಷ್ಟು ಜನ ಸುತ್ತ ನಿಂತಿದ್ದರು, ಅವರು ಕರೆದದ್ದು ನನ್ನನ್ನು.

ಜುಲೈ 22, ಮಂಗಳವಾರ

ಸೂಪರ್‌ವೈಸರ್ ಮೇಡಂ ಫೋನು. "ಏನ್ರಿ ಅನುಪಮಾ, ಕಟ್ಟಡ ಬೀಳೋ ಸ್ಥಿತೀಲಿದೆ ಅಂತ ಬರ್ಕೊಟ್ಟಿದ್ದೀರಿ, ನನಗೆ ಒಂದು ಮಾತು ಹೇಳೋದಲ್ವಾ? ಮಕ್ಕಳನ್ನ ಹೊಳೆಯಾಚೆ ಹಳೇ ಶಾಲೆಗೆ ಸಾಗಿಸ್ಬೇಕು ಅಂತ ನೀವೇ ಕೇಳ್ಕೊಂಡಿದ್ದೀರಲ್ಲ."

ನಾನು ಹ್ಞೂಂ ಎಂದೆ. ಹ್ಞೂಂ ಎನ್ನದೆ ಏನೆನ್ನಲಿ, ಸಹಿ ನನ್ನದೇ. ಆಮೇಲೆ ತಿಳಿಯಿತು. ಪೊನ್ನಕ್ಕನ ಮಗ ಪ್ರಜ್ಞೇಶ್ ಗುಡ್ಡದ ಮೇಲೆ ಹೋಮ್‌ಸ್ಟೇ ಕಟ್ಟಿಸುತ್ತಿದ್ದಾನೆ. ಅಲ್ಲಿಗೆ ಹೋಗುವ ರಸ್ತೆ ಅಗಲವಾಗಬೇಕು, ಬಂದವರ ಕಾರು ನಿಲ್ಲಿಸಲು ಜಾಗ ಬೇಕು. ನಮ್ಮ ಅಂಗನವಾಡಿ ಇರುವುದು ಸರಿಯಾಗಿ ತಿರುವಿನಲ್ಲಿ. ಗೋಡೆಯಲ್ಲಿ ಒಂದು ಬಿರುಕೂ ಇಲ್ಲ. ಹೆಂಚು ಮೂರು ಒಡೆದಿವೆ, ಅಷ್ಟೇ.

ಆದರೂ ಪೊನ್ನಕ್ಕ ಯೋಚಿಸದೆ ಮಾಡುವವರಲ್ಲ. ಹಳೇ ಶಾಲೆ ದೊಡ್ಡದಿದೆ, ಅಂಗಳವಿದೆ. ರಸ್ತೆ ಬಂದರೆ ನಾಲ್ಕು ಜನರಿಗೆ ಕೆಲಸ ಸಿಗುತ್ತದೆ. ದೊಡ್ಡದಾಗಿ ಯೋಚಿಸುವವರಿಗೆ ಸಣ್ಣ ತೊಂದರೆ ಕಾಣುವುದಿಲ್ಲ, ಅದಕ್ಕೇ ಅವರು ದೊಡ್ಡವರು. ಇವರು ಮೀಸೆಯಲ್ಲೇ ನಕ್ಕರು. ನಕ್ಕರೆ ನಗಲಿ.

ಮೂರು ಗಂಟೆಗೆ ಬೀರ ಮಗಳನ್ನು ಕರೆದುಕೊಂಡು ಹೋಗಲು ಬಂದ. ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿರುವವನು, ಯಾವತ್ತೂ ಗೇಟಿನ ಹೊರಗೇ ನಿಲ್ಲುವವನು. ಇವತ್ತು ಒಳಗೆ ಬಂದು ನಿಂತ. "ಟೀಚರೇ, ಅಂಗನವಾಡಿ ಆಚೆ ಹೋಗ್ತದಂತೆ. ಮಳೇಲಿ ನನ್ನ ಕೂಸು ಪಾಲ ದಾಟೋದು ಹೆಂಗೆ?" ಹೊಳೆಯ ಮೇಲೆ ಎರಡು ಮರದ ದಿಮ್ಮಿ ಹಾಕಿದ ಪಾಲ ಅದು. "ದೊಡ್ಡವರು ಏನೋ ವ್ಯವಸ್ಥೆ ಮಾಡ್ತಾರೆ" ಎಂದೆ. ಅವನು ತಲೆಯಾಡಿಸಿದ, ಮಗಳನ್ನು ಎತ್ತಿಕೊಂಡು ಹೋದ.

ಆ ಪ್ರಶ್ನೆ ನನಗೇ ಏಕೆ ಹೊಳೆಯಲಿಲ್ಲ?

ಜುಲೈ 24, ಗುರುವಾರ

ಹೋಗಿ ನೋಡಿ ಬಂದೆ. ದಿಮ್ಮಿಯ ಮೇಲೆ ಪಾಚಿ. ಕೂತು ಜಾರಿಕೊಂಡು ದಾಟಿದೆ. ಕೆಳಗೆ ನೀರು ಕೆಂಪಗೆ ಮೊರೆಯುತ್ತಿತ್ತು. ಆಚೆ ದಡದಲ್ಲಿ ಆನೆಯ ಲದ್ದಿ, ಇನ್ನೂ ಬಿಸಿಯಿತ್ತು.

ಹನ್ನೊಂದು ಮಕ್ಕಳು. ಎಲ್ಲಕ್ಕಿಂತ ಚಿಕ್ಕದಕ್ಕೆ ಎರಡು ವರ್ಷ ಒಂಬತ್ತು ತಿಂಗಳು.

ಜುಲೈ 27, ಭಾನುವಾರ

ಪೊನ್ನಕ್ಕನ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಹೋದೆ. ಮೆಟ್ಟಿಲು ಹತ್ತುವಾಗ ಅರ್ಧ ಮರೆಯಿತು, ಅವರನ್ನು ಕಂಡಾಗ ಉಳಿದರ್ಧ.

ಸೊಸೆ ಪೂಜಿತಾ ಕಾಫಿ ತಂದಿಟ್ಟು ಒಳಗೆ ಹೋದಳು. ಅವಳ ಮಗ ಮಿಲನ್ ನನ್ನ ಅಂಗನವಾಡಿಯ ಹನ್ನೊಂದರಲ್ಲಿ ಒಬ್ಬ. ನನ್ನನ್ನು ನೋಡಿ ನನ್ನ ಮಡಿಲಿಗೇ ಬಂದು ಕೂತ. ಅವನ ತಲೆಯ ಮೇಲೆ ಕೈಯಿಟ್ಟುಕೊಂಡು, "ಅಕ್ಕ, ಆ ಕಾಗದ ನಾನು ಓದಿರಲಿಲ್ಲ" ಎಂದೆ.

"ಈಗ ಓದ್ದೆಯಲಾ. ಎಂತ ಆತ್ ಈಗ?"

"ಪಾಲ ಜಾರುತ್ತದೆ. ಆನೆ ಬರುತ್ತದೆ."

"ಪಾಲಕ್ಕೆ ಹಿಡ್ಕಳಿಕೆ ಕಂಬಿ ಹಾಕ್ಸುವ. ಆನೆ ಬಂದರೆ ನನ್ನ ಕರಿ. ನಾ ಒಳೆ ಅಲಾ, ನಿಂಗೆ ಎಂತಕೆ ಹೆದ್ರಿಕೆ?"

ನಾನಿದ್ದೇನಲ್ಲ ಎಂಬ ಈ ಒಂದು ಮಾತಿಗೆ, ಈ ಊರಿಗೆ ಬಂದ ಒಂಬತ್ತು ವರ್ಷದಿಂದ ನಾನು ಕರಗಿ ನೀರಾಗುತ್ತಿದ್ದೇನೆ. ಇವತ್ತೂ ಆದೆ. ಮಿಲನ್ ಎಲ್ಲಿಗೆ ಬರುತ್ತಾನೆ, ಹಳೇ ಶಾಲೆಗೋ ಎಂದು ಕೇಳಿದೆ. ಅವನನ್ನು ಬರುವ ಜೂನ್‌ನಿಂದ ವ್ಯಾನಿನಲ್ಲಿ ಭಾಗಮಂಡಲಕ್ಕೆ ಕಳಿಸುತ್ತಾರಂತೆ, ಇಂಗ್ಲಿಷ್ ನರ್ಸರಿಗೆ. ಅಲ್ಲಿಯವರೆಗೆ ಹಳೇ ಶಾಲೆಗೆ ಜೀಪಿನಲ್ಲಿ ಸುತ್ತುಬಳಸಿ ಬಿಟ್ಟು ಬರಲು ಆಳು ಇದೆ. ಅಡುಗೆಮನೆಯ ಬಾಗಿಲಲ್ಲಿ ಪೂಜಿತಾ ನಿಂತಿದ್ದಳು. ಊರಲ್ಲಿ ಎಲ್ಲರೂ ಅವಳಿಗೆ ಹೇಳುವುದು ಒಂದೇ ಮಾತು, ಇಂಥ ಅತ್ತೆ ಸಿಗಲು ಪುಣ್ಯ ಮಾಡಿರಬೇಕು ಎಂದು. ನಾನೂ ಹೇಳಿದ್ದೇನೆ.

ಹೊರಡುವಾಗ ಒಂದು ಬಾಟಲಿ ಜೇನು ಕೊಟ್ಟರು. ತೆಗೆದುಕೊಂಡೆ. ಹೇಳಲು ಹೋದದ್ದನ್ನು ಹೇಳದೆ ಜೇನು ಹಿಡಿದುಕೊಂಡು ಬಂದವಳು ನಾನು. ಬಾಟಲಿಯನ್ನು ಕಪಾಟಿನ ಹಿಂದೆ ತಳ್ಳಿದ್ದೇನೆ, ಕಣ್ಣಿಗೆ ಬೀಳುವುದು ಬೇಡ.

ಆಗಸ್ಟ್ 3, ಭಾನುವಾರ

ಇವತ್ತಿನದು ಬರೆಯಲೇಬೇಕು. ಯಾರಿಗೂ ಹೇಳುವ ಹಾಗಿಲ್ಲ.

ಫೈನಲ್. ಮೂರನೆಯ ಎಳೆತ. ಎದುರಿನವರು ಒಂದೇ ಸಮನೆ ಎಳೆಯುತ್ತಿದ್ದರು, ನಮ್ಮ ಕಾಲು ಕೆಸರಿನಲ್ಲಿ ಗೆರೆ ಕೊರೆದುಕೊಂಡು ಮುಂದೆ ಹೋಗುತ್ತಿತ್ತು. "ಎಳೀ!" ಎಂದು ಪೊನ್ನಕ್ಕ ಕೂಗಿದರು. ನಾನು ಪೂರ್ತಿ ಹಿಂದಕ್ಕೆ ವಾಲಿದೆ. ವಾಲಿದಾಗ ಹಿಂದಿನ ಹಗ್ಗ ಕಂಬಿಯ ಹಾಗೆ ಬಿಗಿದಿರಬೇಕು. ಅದು ನನ್ನ ಸೊಂಟಕ್ಕೆ ತಾಗಿ ತೂಗಾಡಿತು. ಹಿಂದೆ ನೋಡಬಾರದು. ನೋಡಿದೆ.

ಪೊನ್ನಕ್ಕನ ಬಲಗೈ ಹಗ್ಗದ ಮೇಲೆ ಸುಮ್ಮನೆ ಇತ್ತು. ಹಿಡಿದಿರಲಿಲ್ಲ, ಇಟ್ಟಿದ್ದರು. ಮುಖ ಬೂದಿಯಾಗಿತ್ತು. ಬಾಯಿ ಮಾತ್ರ ಅದೇ ಜೋರಿನಲ್ಲಿ ಕೂಗುತ್ತಿತ್ತು. ನನ್ನ ಕಣ್ಣಿಗೆ ಅವರ ಕಣ್ಣು ಸಿಕ್ಕಿತು.

ತಿರುಗಿ ಹಿಮ್ಮಡಿ ಊರಿದೆ. ಆಮೇಲೆ ಏನು ಮಾಡಿದೆನೋ ಗೊತ್ತಿಲ್ಲ. ಭಯವಾಗಿತ್ತು, ಸಿಟ್ಟೂ ಬಂದಿತ್ತು. ಹಿಂದೆ ಯಾರೂ ಇಲ್ಲ, ನಾನು ಬಿಟ್ಟರೆ ಮುಗಿಯಿತು ಎನ್ನುವುದೊಂದೇ ತಲೆಯಲ್ಲಿ. ಅಂಗೈ ಮತ್ತೆ ಸುಲಿದಿದೆ. ಗೆದ್ದೆವು. ಜನ ಗದ್ದೆಗೆ ನುಗ್ಗಿ ಪೊನ್ನಕ್ಕನನ್ನು ಎತ್ತಿಕೊಂಡು ಕುಣಿದರು. ಎತ್ತಿದವರು ಬಲಭುಜ ಹಿಡಿದಾಗ ಅವರು ಹಲ್ಲು ಕಚ್ಚಿದ್ದು ನನಗೊಬ್ಬಳಿಗೇ ಕಂಡಿತು. ಎಲ್ಲರಿಗೂ ಅದು ನಗುವಿನ ಹಾಗೆ ಕಂಡಿರಬೇಕು.

ತೊರೆಯಲ್ಲಿ ಕೆಸರು ತೊಳೆಯುವಾಗ ಪಕ್ಕಕ್ಕೆ ಬಂದರು. "ಜನವರಿಲಿ ಮೂಟೆ ಎತ್ತಿಕನ ಭುಜ ಹೋತ್. ಯಾರಿಗೂ ಹೇಳ್ಬೇಡ" ಎಂದರು. ಬೇಡಿಕೊಂಡ ಹಾಗಿರಲಿಲ್ಲ, ಅಪ್ಪಣೆಯ ಹಾಗೂ ಇರಲಿಲ್ಲ. ಹ್ಞೂಂ ಎಂದೆ.

ಹಾಗಾದರೆ ಜುಲೈ 20ರಂದು ಎಳೆದದ್ದೂ ನಾವು ಏಳು ಜನ. ಆ ದಿನ ನನಗೆ ಗೊತ್ತೇ ಆಗಲಿಲ್ಲ. ಹಿಂದೆ ಅವರಿದ್ದಾರೆ ಎಂಬ ನಂಬಿಕೆಯಲ್ಲಿ ಅವರ ಪಾಲನ್ನೂ ನಾನೇ ಎಳೆದು, ಅವರ ಹೆಸರು ಕೂಗಿ, ಗಂಟಲು ಕಟ್ಟಿಕೊಂಡು ಮನೆಗೆ ಬಂದಿದ್ದೆ. ಆ ಖುಷಿಯಲ್ಲೇ ಸಹಿಯನ್ನೂ ಹಾಕಿದ್ದೆ.

ಏಳನೆಯ ಜಾಗಕ್ಕೆ ಕವನಾಳನ್ನು ಬಿಟ್ಟು ನನ್ನನ್ನೇಕೆ ತಂದರು ಎಂದೂ ಈಗ ಗೊತ್ತಾಯಿತು. ಟೀಚರ್ ಹಿಂದೆ ನೋಡುವವಳಲ್ಲ. ನೋಡಿದರೂ ಹೇಳುವವಳಲ್ಲ.

ಆಗಸ್ಟ್ 5, ಮಂಗಳವಾರ

ಇವರಿಗೆ ಹೇಳಿದೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ.

ಇವರ ಕಣ್ಣು ಅರಳಿತು. "ಮತ್ತೆಂತ? ಸಂತೆಲಿ ಒಬ್ಬನ ಕಿವಿಗೆ ಹಾಕಿರೆ ಸಾಕ್. ಪೊನ್ನಕ್ಕನ ಕೈಲಿ ಈಗ ಎಂತದೂ ಇಲ್ಲೆ ಅಂತ ಗೊತ್ತಾದರೆ ಅವರ ಮಾತ್ ಕೇಳುವವು ಯಾರ್? ನಿನ್ನ ಅಂಗನವಾಡಿ ಅಲ್ಲೇ ಉಳ್ದದೆ."

ಸುಲಭದ ದಾರಿ. ಇವರು ಹೇಳಿದ್ದು ನಿಜ ಕೂಡ. ಊರಿನವರು ಮೂಟೆ ಎತ್ತುವ ಪೊನ್ನಕ್ಕನಿಗೆ ಕೈಮುಗಿಯುತ್ತಾರೆ. ಭುಜ ಹೋದ ಪೊನ್ನಕ್ಕನಿಗೆ ಮುಲಾಮು ಹೇಳಿಕೊಡುತ್ತಾರೆ, ಬೆನ್ನ ಹಿಂದೆ ನಗುತ್ತಾರೆ. ಒಂದು ವಾರ ಸಾಕು.

ನಾನು ಹೇಳುವುದಿಲ್ಲ, ನೀವೂ ಹೇಳಬಾರದು ಎಂದು ಇವರಿಂದ ಆಣೆ ಹಾಕಿಸಿಕೊಂಡೆ. ಭುಜ ಗಟ್ಟಿಯಿದ್ದಿದ್ದರೆ ಮಕ್ಕಳನ್ನು ಪಾಲ ದಾಟಿಸುವುದು ಸರಿಯಾಗುತ್ತಿತ್ತೇ? ತಪ್ಪು ತಪ್ಪೇ. ಭುಜದ ಮಾತು ಎತ್ತಿದರೆ ನಾನೂ ಊರಿನವರ ಸಾಲಿಗೇ ಸೇರಿದೆ ಎಂದು ಅರ್ಥ. ಜೋರಿದ್ದಾಗ ಹಿಂದೆ ಹೋಗುವುದು, ಜೋರು ಇಳಿದಾಗ ಮೇಲೆ ಬೀಳುವುದು. ಇವರಿಗೆ ಇದನ್ನು ವಿವರಿಸಲು ಹೋದೆ. "ನಿಂಗೆ ಇನ್ನೂ ಅವರ ಮೇಲೆ ಪ್ರೀತಿ" ಎಂದರು. ಇರಬಹುದು. ಪ್ರೀತಿ ಇದ್ದರೆ ಎದುರು ನಿಲ್ಲಬಾರದು ಎಂದು ಎಲ್ಲಿ ಬರೆದಿದೆ?

ಪಾತ್ರೆ ತಿಕ್ಕುವಾಗ ಇನ್ನೊಂದು ಯೋಚನೆ ಬಂತು. ಏಳು ಜನ ಎಳೆದದ್ದನ್ನು ಒಬ್ಬರ ಹೆಸರಿಗೆ ಬಿಟ್ಟುಕೊಡುವುದು ನಮಗೂ ಆರಾಮ. ಅವರು ಹೊತ್ತುಕೊಳ್ಳುತ್ತಾರೆ, ನಾವು ಕೈ ತಟ್ಟುತ್ತೇವೆ. ನಾಳೆ ಏನಾದರೂ ಕೆಟ್ಟರೆ ನಾವೇನು ಮಾಡಲು ಸಾಧ್ಯ, ದೊಡ್ಡವರು ಹೇಳಿದರು ಎನ್ನಬಹುದು. ನಾನು ಬೀರನಿಗೆ ಹೇಳಿದ್ದೂ ಅದನ್ನೇ ಅಲ್ಲವೇ? ನಾಚಿಕೆಯಾಗುತ್ತದೆ.

ಆಗಸ್ಟ್ 8, ಶುಕ್ರವಾರ

ಬರೆದು ಕೊಟ್ಟೆ. ಬಸ್ ಹತ್ತಿ ಹೋಗಿ ಸೂಪರ್‌ವೈಸರ್ ಮೇಡಂ ಕೈಯಲ್ಲೇ ಕೊಟ್ಟೆ. "ಜುಲೈ 20ರ ಪತ್ರವನ್ನು ನಾನು ಓದದೆ ಸಹಿ ಮಾಡಿದ್ದೇನೆ. ಅದು ನನ್ನ ತಪ್ಪು. ಕಟ್ಟಡ ಗಟ್ಟಿಯಾಗಿದೆ. ಹಳೇ ಶಾಲೆಯ ದಾರಿ ಮಕ್ಕಳಿಗೆ ಅಪಾಯ." ಮೂರು ಸಲ ಓದಿ ಆಮೇಲೆ ಸಹಿ ಹಾಕಿದೆ.

ಮೇಡಂ ಕನ್ನಡಕ ತೆಗೆದು ಒರೆಸಿದರು. "ಓದದೆ ಸೈನ್ ಮಾಡಿದೆ ಅಂತ ನೀವೇ ಬರ್ದು ಕೊಡ್ತಿದ್ದೀರಿ. ನಿಮಗೆ ಮೆಮೊ ಕೊಡ್ಬೇಕಾಗುತ್ತೆ, ಗೊತ್ತಾ?"

"ಕೊಡಿ ಮೇಡಂ."

"ಹದಿನೆಂಟಕ್ಕೆ ಗ್ರಾಮಸಭೆ ಇದೆ. ನಾನೂ ಬರ್ತೇನೆ. ನಿಮ್ಮೊಬ್ಬರ ಪತ್ರ ಸಾಲಲ್ಲ. ಹನ್ನೊಂದು ಮಕ್ಕಳ ತಂದೆತಾಯಿ ಏನಂತಾರೆ ಅಂತ ಬರಹದಲ್ಲಿ ಬೇಕು. ಅರ್ಧಕ್ಕಿಂತ ಹೆಚ್ಚು ಜನ ಬೇಡ ಅಂದ್ರೆ ನಾನು ಸ್ಥಳಾಂತರಕ್ಕೆ ಒಪ್ಪೋದಿಲ್ಲ."

ಸಂಜೆ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ತಂಡದ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದಿದ್ದಾರೆ. ತೆಗೆದವಳು ಕವನಾ. ಬೆನ್ನ ಮೇಲೆ ಹೊತ್ತು ಉಳಿಸಿದವರ ಋಣ, ನನಗೆ ಅರ್ಥವಾಗುತ್ತದೆ. ಆದರೆ ಆ ದಿನ ಹೊಟ್ಟೆಯಲ್ಲಿದ್ದ ಮಗುವಿನ ತಮ್ಮನೇ ಈಗ ನನ್ನ ಅಂಗನವಾಡಿಗೆ ಬರುವುದು.

ಆಗಸ್ಟ್ 14, ಗುರುವಾರ

ನಾಳೆಗೆ ಧ್ವಜದ ಹಗ್ಗ ಸರಿಮಾಡುತ್ತಿದ್ದೆ. ನಾಲ್ಕು ಜನ ತಾಯಂದಿರು ಬಂದರು, ಆಚೆ ಈಚೆ ನೋಡಿಕೊಂಡು. ಕವನಾಳೂ ಇದ್ದಳು. ಎಲ್ಲರಿಗಿಂತ ಹಿಂದೆ.

"ಟೀಚರ್, ನಮಗೂ ಮನಸ್ಸಿಲ್ಲೆ. ಆ ಪಾಲ ನೆನ್ಸಿರೆ ಎದೆ ಹೊಡ್ಕತ್ತೆ. ನೀವು ಸಭೇಲಿ ಗಟ್ಟಿಯಾಗಿ ಮಾತಾಡಿ. ನಾವು ನಿಮ್ಮ ಹಿಂದೆ ಇದ್ದೇವೆ."

"ಬರೆದು ಕೊಡ್ತೀರಾ?" ಎಂದೆ.

ಒಬ್ಬಳು ಕೊಡೆ ಮಡಚಿದಳು, ಇನ್ನೊಬ್ಬಳು ಬಿಚ್ಚಿದಳು. "ನೀವಿದ್ದೀರಲ್ಲ ಟೀಚರ್. ನೀವು ಹೇಳಿದ ಹಾಗೆ. ನಿಮಗೆ ಧೈರ್ಯ ಉಂಟು."

ನನಗೆ ಎಲ್ಲಿತ್ತೋ ಕೋಪ, ಬಂತು. ನನಗೆ ಧೈರ್ಯ ಇದೆ ಎಂದು ಇವರಿಗೆ ಹೇಳಿದವರು ಯಾರು? ರಾತ್ರಿ ಎರಡೆರಡು ಸಲ ಎದ್ದು ಬಾಗಿಲ ಚಿಲಕ ನೋಡುತ್ತೇನೆ. "ನನ್ನ ಹಿಂದೆ ನಿಂತು ಏನು ಮಾಡ್ತೀರಿ? ನನಗೆ ಮಕ್ಕಳೇ ಇಲ್ಲ. ಪಾಲ ದಾಟುವುದು ನಿಮ್ಮ ಮಕ್ಕಳು. ಸಭೆಯಲ್ಲಿ ನಾನು ನಿಮ್ಮ ಪರವಾಗಿ ಒಂದು ಮಾತೂ ಆಡುವುದಿಲ್ಲ, ನನ್ನ ತಪ್ಪನ್ನು ಮಾತ್ರ ಹೇಳ್ತೇನೆ" ಎಂದುಬಿಟ್ಟೆ. ಮುಖ ಕಿವುಚಿಕೊಂಡು ಹೋದರು. ಹೋಗಲಿ. ಒಬ್ಬರನ್ನು ಇಳಿಸಿ ಆ ಜಾಗದಲ್ಲಿ ನನ್ನನ್ನು ಕೂರಿಸುವ ಆಟಕ್ಕೆ ನಾನು ಬರುವುದಿಲ್ಲ.

ಇವರಿಗೆ ಹೇಳಿದರೆ, "ಬಂದವರನ್ನೂ ಓಡಿಸಿಯಾ?" ಎಂದು ತಲೆ ಚಚ್ಚಿಕೊಂಡರು.

ಆಗಸ್ಟ್ 18, ಸೋಮವಾರ

ಗ್ರಾಮಸಭೆ ಹನ್ನೊಂದಕ್ಕೆ ಎಂದಿತ್ತು, ಹನ್ನೆರಡೂವರೆಗೆ ಶುರುವಾಯಿತು. ಪೊನ್ನಕ್ಕ ಬಂದಾಗ ಎಲ್ಲರೂ ಎದ್ದರು. ನೀಲಿ ಸೀರೆ, ಬಲಗೈಯಲ್ಲಿ ಸೆರಗು ಹಿಡಿದಿದ್ದರು. ಯಾಕೆ ಹಾಗೆ ಹಿಡಿದಿದ್ದರೆಂದು ನನಗೆ ಗೊತ್ತು.

ಬೀದಿದೀಪ, ನೀರಿನ ಪೈಪು ಎಲ್ಲ ಆದ ಮೇಲೆ ನಮ್ಮ ವಿಷಯ ಬಂತು. ಪೊನ್ನಕ್ಕ ಎದ್ದು ಚೆನ್ನಾಗಿ ಮಾತಾಡಿದರು. ಅವರು ಯಾವಾಗಲೂ ಚೆನ್ನಾಗಿಯೇ ಮಾತಾಡುತ್ತಾರೆ. "ಈ ಅಂಗನವಾಡಿ ತಂದದ್ದ್ ನಾ. ಅದ್ನ ಎಲ್ಲಿ ಇಡೊಕು ಅಂತ ನಂಗೆ ಗೊತ್ತುಟ್ಟು." ಜನ ಚಪ್ಪಾಳೆ ತಟ್ಟಿದರು. ನನ್ನ ಕೈಗಳೂ ಒಂದಕ್ಕೊಂದು ಹತ್ತಿರ ಬಂದವು, ಹಾಳಾದವು. ಸೀರೆಯೊಳಗೆ ಅಡಗಿಸಿಕೊಂಡೆ.

ಮೇಡಂ ನನ್ನನ್ನು ಎಬ್ಬಿಸಿದರು. ನಾನು ಓದದೆ ಸಹಿ ಮಾಡಿದ್ದು, ಗೋಡೆಯಲ್ಲಿ ಬಿರುಕಿಲ್ಲದ್ದು, ಪಾಲದ ಮೇಲೆ ಕೂತು ಜಾರಿಕೊಂಡು ದಾಟಿದ್ದು, ಇಷ್ಟೇ ಹೇಳಿದೆ. ಹಿಂದಿನಿಂದ ಯಾರೋ, "ಓದದೆ ಸೈನ್ ಹಾಕುವವಳು ಮಕ್ಕಳಿಗೆ ಎಂತ ಓದ್ಸುದು?" ಎಂದ. ನಗು. "ಸರಿಯಾಗಿ ಹೇಳಿದಿರಿ. ಅದಕ್ಕೇ ಈಗ ಓದಿ ಸಹಿ ಮಾಡಿ ಅಂತ ಹೇಳ್ತಿದ್ದೇನೆ" ಎಂದೆ. ಇಂಥ ಉತ್ತರ ಆ ಹೊತ್ತಿಗೆ ನನಗೆ ಹೇಗೆ ಹೊಳೆಯಿತೋ.

ಮೇಡಂ ಮೇಜಿನ ಮೇಲೆ ಕಾಗದ, ಪೆನ್ನು ಇಟ್ಟರು. ಸ್ಥಳಾಂತರ ಬೇಡ ಎನ್ನುವ ತಂದೆತಾಯಿ ಬಂದು ಹೆಸರು ಬರೆಯಬಹುದು ಎಂದರು. ಒಂದು ಮಗುವಿಗೆ ಒಂದು ಹೆಸರು.

ಮೊದಲು ಎದ್ದದ್ದು ಬೀರ. ಗೋಡೆಗೊರಗಿ ನಿಂತಿದ್ದವನು ಜನರ ನಡುವೆ ದಾರಿ ಮಾಡಿಕೊಂಡು ಬಂದ. ಪೆನ್ನು ಹಿಡಿದು ಎರಡಕ್ಷರ ಬರೆಯಲು ಅವನಿಗೆ ಎಷ್ಟು ಹೊತ್ತು ಬೇಕಾಯಿತು! ಬರೆದು ನನ್ನ ಕಡೆಗೂ ನೋಡದೆ ಹೋಗಿ ಅದೇ ಗೋಡೆಗೆ ನಿಂತ. ಅವನಿಗೆ ಕೆಲಸ ಕೊಟ್ಟಿರುವ ಎಸ್ಟೇಟು ಪೊನ್ನಕ್ಕನ ತಮ್ಮನದು. ಅವನಿಗಿಂತ ಹೆಚ್ಚು ಕಳೆದುಕೊಳ್ಳುವವರು ಆ ಸಭೆಯಲ್ಲಿ ಯಾರೂ ಇರಲಿಲ್ಲ.

ಆಮೇಲೆ ಯಾರೂ ಏಳಲಿಲ್ಲ. ಕವನಾ ತನ್ನ ಚಪ್ಪಲಿ ನೋಡುತ್ತಿದ್ದಳು. ಬೀರನಂಥವನು ಎದ್ದ ಮೇಲೆ ತಾವು ಏಳುವುದು ಹೇಗೆ ಎಂದುಕೊಂಡರೋ ಏನೋ. ಮೇಡಂ ಗಡಿಯಾರ ನೋಡಿದರು. ಮುಗಿಯಿತು ಎಂದುಕೊಂಡೆ.

ಆಗ ಹೆಂಗಸರ ಸಾಲಿನ ತುದಿಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಪೂಜಿತಾ.

"ಪೂಜಿತಾ, ಕುದ್ಕ" ಎಂದರು ಪೊನ್ನಕ್ಕ. ಮೆಲ್ಲಗೇ ಹೇಳಿದರು. ಅವರು ಕೂತುಕೋ ಎಂದರೆ ಕೂರದವರನ್ನು ನಾನು ಈ ಊರಲ್ಲಿ ಕಂಡಿಲ್ಲ.

ಪೂಜಿತಾ ನಿಂತಳು. ಅವಳ ಕುತ್ತಿಗೆ ಕೆಂಪಾಗಿತ್ತು. "ಮಿಲನ್‌ನ ಅವ್ವ ನಾ, ಅತ್ತೆ" ಎಂದಳು. ಅಷ್ಟೇ. ನಡೆದು ಬಂದು, ಬೀರನ ಹೆಸರಿನ ಕೆಳಗೆ ತನ್ನ ಹೆಸರು ಬರೆದಳು. ಅಕ್ಷರ ದುಂಡಗೆ, ಅಚ್ಚು ಹಾಕಿದ ಹಾಗೆ.

ಆಮೇಲೆ ನೂಕುನುಗ್ಗಲು. ಕವನಾ ಬಂದಳು, ಕೊಡೆಯವರಿಬ್ಬರೂ ಬಂದರು, ನನ್ನನ್ನು ನೋಡಿ ನಕ್ಕವನೂ ಬಂದ. ಅವನ ಮಗಳೂ ಅಂಗನವಾಡಿಗೇ ಬರುವುದು. ಒಟ್ಟು ಒಂಬತ್ತು. ಮೇಡಂ ಹೆಸರುಗಳನ್ನು ಗಟ್ಟಿಯಾಗಿ ಓದಿ, ಸ್ಥಳಾಂತರ ಇಲ್ಲ ಎಂದು ಬರೆದು ಮೊಹರು ಒತ್ತಿದರು.

ಗೆದ್ದದ್ದು ನಿಜ. ಆದರೂ ಒಂದು ಮಾತು ಬರೆದಿಡುತ್ತೇನೆ, ನಾಳೆ ನಾನೇ ಮರೆಯಬಾರದು. ಬೀರ ಬರೆದಾಗ ಯಾರೂ ಏಳಲಿಲ್ಲ. ದೊಡ್ಡ ಮನೆಯ ಸೊಸೆ ಬರೆದ ಮೇಲೆ ಎದ್ದರು. ಇಬ್ಬರು ಬರೆದದ್ದೂ ಒಂದೇ ಕಾಗದದ ಮೇಲೆ, ಒಂದೇ ಪೆನ್ನಿನಲ್ಲಿ. ಬರೆದ ಒಂಬತ್ತು ಜನರಲ್ಲಿ ಮೊದಲಿನವನ ಹೆಸರು ಬೀರ. ಯಾರಾದರೂ ಬೇರೆ ಥರ ಹೇಳಿದರೆ ನಾನು ಜಗಳವಾಡುತ್ತೇನೆ.

ಪೊನ್ನಕ್ಕ ಹೊರಟಾಗ ಎಲ್ಲರೂ ಎದ್ದು ನಿಂತರು, ಅವರ ವಿರುದ್ಧ ಹೆಸರು ಬರೆದವರೂ.

ಆಗಸ್ಟ್ 19, ಮಂಗಳವಾರ

ಬೆಳಿಗ್ಗೆ ಪೂಜಿತಾ ಮಿಲನ್‌ನನ್ನು ಕರೆತಂದಳು. ಹೇಗಿದ್ದೀಯ ಎಂದೆ. "ಮನೇಲಿ ನನ್ನೊಟ್ಟಿಗೆ ಯಾರೂ ಮಾತಾಡ್ತಿಲ್ಲೆ ಟೀಚರ್. ನೆಮ್ಮದಿ ಉಟ್ಟು" ಎಂದಳು. ಇಬ್ಬರೂ ನಕ್ಕೆವು. ಬೀರನ ಕೆಲಸಕ್ಕೆ ಏನಾದರೂ ಆದರೆ ಹೇಳು, ನಾವಿಬ್ಬರೂ ಹೋಗಿ ಕೇಳುವ ಎಂದಿದ್ದೇನೆ. ಹ್ಞೂಂ ಎಂದಳು.

ಹತ್ತು ಗಂಟೆಗೆ ಗೇಟಿನಲ್ಲಿ ಪೊನ್ನಕ್ಕ. ಒಬ್ಬರೇ.

"ನನ್ನ ಭುಜದ ವಿಷಯ ಎಂತಕೆ ಹೇಳಿತ್ಲೆ? ಹೇಳಿದ್ದರೆ ನಿಂಗೆ ಇಷ್ಟ್ ಕಷ್ಟ ಇರ್ತಿರಲಿಲ್ಲೆ."

"ಪೆಟ್ಟಾದವರನ್ನು ಸೋಲಿಸುವ ಆಸೆ ನನಗಿರಲಿಲ್ಲ ಅಕ್ಕ. ನೀವು ಮಾಡಿದ್ದು ತಪ್ಪು. ಅದನ್ನು ಸೋಲಿಸಬೇಕಿತ್ತು."

ಅವರು ಎಡಗೈಯಲ್ಲಿ ಗೇಟು ಹಿಡಿದುಕೊಂಡರು. "ನೀ ಇಷ್ಟ್ ಗಟ್ಟಿ ಅಂತ ನಂಗೆ ಗೊತ್ತಿತ್ತ್‌ಲೆ" ಎಂದರು. ಗಟ್ಟಿಯೂ ಇಲ್ಲ, ಏನೂ ಇಲ್ಲ. ಭುಜಕ್ಕೆ ಮಡಿಕೇರಿಯಲ್ಲಿ ಡಾಕ್ಟರಿಗೆ ತೋರಿಸಿ, ನಾಚಿಕೆ ಬಿಟ್ಟು ತೋರಿಸಿ ಎಂದೆ. ಅಷ್ಟರಲ್ಲಿ ಒಳಗೆ ಯಾವುದೋ ಮಗು ಅತ್ತಿತು, ಓಡಿ ಬಂದೆ. ಆಮೇಲೆ ಹೆಸರುಕಾಳು ಬೇಯಲು ಇಟ್ಟೆ, ಹಾಜರಿ ಹಾಕಿದೆ.

ಒಂಬತ್ತು ವರ್ಷದಲ್ಲಿ ಮೊದಲ ಸಲ ಪೊನ್ನಕ್ಕನನ್ನು ಒಳಗೆ ಬನ್ನಿ ಎಂದು ಕರೆಯಲಿಲ್ಲ. ಬೇಕೆಂದು ಮಾಡಿದ್ದಲ್ಲ, ಈಗ ಬರೆಯುವಾಗಲೇ ನೆನಪಾದದ್ದು. ಹನ್ನೊಂದು ಮಕ್ಕಳೂ ಬಂದಿದ್ದರು, ಕೈತುಂಬ ಕೆಲಸವಿತ್ತು.